ಶಾಲೆಗೆ ಹೋಗದ ಹುಡುಗಿ ನಾಡೋಜ ಆದ ಕಥೆ

ಹೋದ ತಿಂಗಳು ಒಂದು ರಾತ್ರಿ ಮಗಳು ಕಥೆ ಹೇಳು ಅಂತ ಹಟ ಹಿಡಿದಳು. ಅವಳಿಗೆ ನಾಲ್ಕು ವರ್ಷ. ನನಗೆ ಮರುದಿನ ಬೆಳಗ್ಗೆ ಆಫೀಸಿನಲ್ಲಿ ರಿಲೀಸ್ ಇತ್ತು, ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಮೊಬೈಲಿನಲ್ಲಿ ಒಂದು ಕಥೆ ಹಾಕಿ ಕೈಗೆ ಕೊಟ್ಟೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಫೋನು ದಿಂಬಿನ ಪಕ್ಕ ಬೋರಲು ಬಿದ್ದಿತ್ತು. ಅದರೊಳಗಿಂದ ಕಥೆ ಬರ್ತಾನೇ ಇತ್ತು. ಮಗಳು ಎದ್ದು ಕೂತಿದ್ದಳು.

"ಯಾಕೆ, ಬೇಡವಾ?"

"ನಾನು ಕೇಳಿದ್ರೆ ಇದು ಹೇಳೋದೇ ಇಲ್ಲ ಅಮ್ಮಾ."

"ಏನು ಕೇಳಿದೆ?"

"ಆ ನರಿ ಮರಿಯ ಅಮ್ಮ ಎಲ್ಲಿ ಹೋದ್ಲು ಅಂತ."

ನನ್ನ ಹತ್ತಿರವೂ ಉತ್ತರ ಇರಲಿಲ್ಲ. ಆದರೆ ನಾನು ಅವಳ ವಯಸ್ಸಿನಲ್ಲಿದ್ದಾಗ ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುವವರು ನಮ್ಮನೇಲಿ ಇದ್ದರು. ನಮ್ಮಜ್ಜಿ. ನಮ್ಮೂರು ರೂಪನಗುಡಿ, ಬಳ್ಳಾರಿ ತಾಲ್ಲೂಕು. ಸುತ್ತ ಎರೆಹೊಲ, ಜೋಳ, ಹತ್ತಿ, ಮೆಣಸಿನಕಾಯಿ. ಸ್ವಲ್ಪ ದೂರ ಹೋದರೆ ಆಂಧ್ರ. ನಮ್ಮ ಕಡೆ ಮಂದಿ ಒಂದು ಮಾತು ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸ್ತಾರೆ. ಬೇಸಿಗೆ ರಾತ್ರಿ ಮಾಳಿಗೆ ಮೇಲೆ ಚಾಪೆ ಹಾಸಿಕೊಂಡು ಮಲಗಿದರೆ ಅಜ್ಜಿಯ ಕಥೆ ಶುರುವಾಗೋದು. ಒಂದೇ ಷರತ್ತು: ನಾವು "ಹ್ಞೂಂ" ಅನ್ನುತ್ತಾ ಇರಬೇಕು. ಹ್ಞೂಂ ನಿಂತರೆ ಕಥೆಯೂ ನಿಂತಿತು.

ಅಜ್ಜಿ ಸ್ಕೂಲಿಗೆ ಹೋದವರಲ್ಲ. ಅವರಿಗೆ ಈ ಕಥೆಗಳು ಎಲ್ಲಿಂದ ಬಂದವು? ಬುರ್ರಕಥೆಯವರಿಂದ. ಸುಗ್ಗಿ ಮುಗಿದ ಮೇಲೆ ಊರ ಹೊರಗೆ ಗುಡಾರ ಹಾಕಿ, ರಾತ್ರಿ ಊರೊಳಗಿನ ಕಟ್ಟೆ ಮುಂದೆ ಕಥೆ ಹೇಳಿ, ಮೊರದಲ್ಲಿ ಜೋಳ ಇಸಕೊಂಡು ಮುಂದಿನ ಊರಿಗೆ ಹೋಗುತ್ತಿದ್ದ ಜನ. ಅಂಥ ಮನೆಯೊಂದರಲ್ಲಿ ಹುಟ್ಟಿದ ಒಬ್ಬ ಹುಡುಗಿ ಮುಂದೆ ಇಡೀ ಕರ್ನಾಟಕ ಕೈಮುಗಿಯುವಷ್ಟು ದೊಡ್ಡ ಕಥೆಗಾರ್ತಿ ಆದರು. ಅವರೇ ಬುರ್ರಕಥಾ ಈರಮ್ಮ. ಊರಿನ ಹೆಸರು ಸೇರಿಸಿ ದರೋಜಿ ಈರಮ್ಮ ಅಂತಲೂ ಕರೀತಾರೆ.

ನಾನು ಓದದೇ ಬಿಟ್ಟ ಸುದ್ದಿ

ಮೊದಲು ಒಂದು ತಪ್ಪೊಪ್ಪಿಗೆ. ಈರಮ್ಮ ತೀರಿಕೊಂಡಿದ್ದು 2014ರ ಆಗಸ್ಟ್ 12ರಂದು. ಅವತ್ತು ನಾನು ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೆ. ಮರುದಿನ ಹಾಸ್ಟೆಲಿನ ಪೇಪರ್‌ನಲ್ಲಿ ಫೋಟೊ ನೋಡಿದ್ದು ನೆನಪಿದೆ. ಯಾರೋ ವಯಸ್ಸಾದ ಕಲಾವಿದೆ ಅಂದುಕೊಂಡು ಪುಟ ತಿರುಗಿಸಿದೆ. ಇಂಟರ್ನಲ್ಸ್ ಹತ್ತಿರ ಬಂದಿತ್ತು, ಡೇಟಾ ಸ್ಟ್ರಕ್ಚರ್ಸ್ ಓದಬೇಕಿತ್ತು. ಮಾಹಿತಿಯನ್ನ ಹೇಗೆ ಜೋಡಿಸಿಟ್ಟರೆ ಬೇಗ ಹುಡುಕಿ ತೆಗೀಬಹುದು ಅನ್ನೋದೇ ಆ ಸಬ್ಜೆಕ್ಟು. ಒಂದಕ್ಷರ ಬರೆಯದೆ ಹನ್ನೆರಡು ಮಹಾಕಾವ್ಯಗಳನ್ನ ತಲೆಯಲ್ಲಿ ಜೋಡಿಸಿಟ್ಟುಕೊಂಡಿದ್ದ ಹೆಣ್ಣುಮಗಳು ನಮ್ಮದೇ ಜಿಲ್ಲೆಯಲ್ಲಿ, ಬಳ್ಳಾರಿಯಿಂದ ಅಷ್ಟೇನೂ ದೂರ ಇಲ್ಲದ ಊರಿನಲ್ಲಿ ಇದ್ದರು. ನನಗೆ ಗೊತ್ತಿರಲಿಲ್ಲ.

ದರೋಜಿ ಇರೋದು ಸಂಡೂರು ತಾಲ್ಲೂಕಿನಲ್ಲಿ. ಹೆಸರು ಕೇಳಿದರೆ ಹೆಚ್ಚಿನವರಿಗೆ ಕರಡಿಧಾಮ ನೆನಪಾಗುತ್ತೆ, ಪಕ್ಕದಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿನಿಂದ ಬರುವಾಗ ನಾನು ಯಾವಾಗಲೂ ಬಳ್ಳಾರಿಯಲ್ಲಿ ಇಳಿದುಬಿಡ್ತೀನಿ. ರೈಲು ಮಾತ್ರ ಕುಡತಿನಿ, ದರೋಜಿ, ತೋರಣಗಲ್ಲು ದಾಟಿಕೊಂಡು ಹೊಸಪೇಟೆಗೆ ಹೋಗುತ್ತೆ. ಅಷ್ಟು ವರ್ಷ ಓಡಾಡಿದರೂ ಆ ಕಡೆ ತಲೆ ಹಾಕಿರಲಿಲ್ಲ.

ಅಪ್ಪನೇ ಶಾಲೆ

ಈರಮ್ಮ ಹುಟ್ಟಿದ್ದು 1930ರ ಸುಮಾರಿಗೆ, ಬುಡ್ಗ ಜಂಗಮ ಸಮುದಾಯದಲ್ಲಿ. ಪರಿಶಿಷ್ಟ ಜಾತಿಗೆ ಸೇರಿದ ಅರೆ ಅಲೆಮಾರಿ ಸಮುದಾಯ ಅದು. ಮನೆಮಾತು ತೆಲುಗು, ಕಥೆ ಹೇಳೋದು ಕೇಳುವ ಊರಿನ ಭಾಷೆಯಲ್ಲಿ. ಹೊಲ ಇಲ್ಲ, ಒಂದೇ ಕಡೆ ನಿಂತು ಬದುಕುವ ಹಾಗಿಲ್ಲ. ಅಪ್ಪ ಅಮ್ಮ ಊರೂರು ತಿರುಗುವಾಗ ಮಕ್ಕಳೂ ಹಿಂದೆ. ಇನ್ನು ಹಾಜರಿ ಪುಸ್ತಕದಲ್ಲಿ ಹೆಸರು ಬರೆಸೋದು ಯಾವ ಊರಿನಲ್ಲಿ?

ಈರಮ್ಮನ ಅಪ್ಪ ಲಾಲಪ್ಪ. ಮಗಳಿಗೆ ಬಿಟ್ಟುಹೋಗೋಕೆ ಅವರ ಹತ್ತಿರ ಇದ್ದ ಆಸ್ತಿ ಕಥೆ ಮಾತ್ರ. ಹನ್ನೆರಡನೇ ವಯಸ್ಸಿಗೆ ಈರಮ್ಮ ಅಪ್ಪನಿಂದ ಕಾವ್ಯ ಕಲಿಯೋಕೆ ಶುರು ಮಾಡಿದರು. ನಮ್ಮ ಮಕ್ಕಳು ಆರನೇ ಕ್ಲಾಸೋ ಏಳನೇ ಕ್ಲಾಸೋ ಇರುವ ವಯಸ್ಸು. ಇಲ್ಲಿ ಪಾಟಿ ಇಲ್ಲ, ಬಳಪ ಇಲ್ಲ, ಸಿಲಬಸ್ ಇಲ್ಲ. ಪರೀಕ್ಷೆ ಮಾತ್ರ ಇತ್ತು, ಪ್ರತಿ ರಾತ್ರಿ, ಜನರ ಎದುರಿಗೆ. ಕಥೆ ಹಿಡಿಸಿದರೆ ಮೊರ ತುಂಬುತ್ತೆ, ಹಿಡಿಸದಿದ್ದರೆ ಜನ ಎದ್ದು ಹೋಗ್ತಾರೆ.

ಇದನ್ನ ಸುಮ್ಮನೆ ಚೆಂದ ಮಾಡಿ ಹೇಳಬಾರದು ಅಂತ ನನಗೆ ಅನಿಸುತ್ತೆ. ಬಡತನದಿಂದ ಕಲೆ ಅರಳಿತು ಅಂತ ನಾವು ಸಲೀಸಾಗಿ ಬರೆದುಬಿಡ್ತೀವಿ. ಆ ಹುಡುಗಿಗೆ ಓದು ಬರಹ ಬರಲಿಲ್ಲ, ಬರುವ ದಾರಿಯೇ ಇರಲಿಲ್ಲ, ಅದು ನಷ್ಟವೇ. ಆದರೆ ಆ ನಷ್ಟದ ಪಕ್ಕದಲ್ಲೇ ಇನ್ನೊಂದು ಓದು ನಡೆದಿತ್ತು. ಅದನ್ನ ಓದು ಅಂತ ಒಪ್ಪಿಕೊಳ್ಳೋಕೆ ನಮಗೆ ಸುಮಾರು ಅರವತ್ತು ವರ್ಷ ಬೇಕಾಯ್ತು.

ಮೂರು ಜನರ ಆಟ

ಬುರ್ರಕಥೆ ನೋಡಿರದವರಿಗೆ ಎರಡು ಮಾತು. ಬುರ್ರ ಅಂದರೆ ತೆಲುಗಿನಲ್ಲಿ ಬುರುಡೆ. ಕಥೆಗಾರರು ಹೆಗಲಿಗೆ ಹಾಕಿಕೊಳ್ಳುವ ತಂಬೂರಿಯ ಬುರುಡೆಯಿಂದಲೇ ಈ ಹೆಸರು ಬಂತು ಅಂತ ಹೇಳ್ತಾರೆ. ಸಾಮಾನ್ಯವಾಗಿ ಮೂರು ಜನ ಇರ್ತಾರೆ. ನಡುವೆ ನಿಲ್ಲುವವರು ಮುಖ್ಯ ಕಥೆಗಾರರು, ಕೈಯಲ್ಲಿ ತಂಬೂರಿ, ಬೆರಳಿಗೆ ಗೆಜ್ಜೆ ಸದ್ದಿನ ಲೋಹದ ಉಂಗುರ. ಅಕ್ಕಪಕ್ಕದ ಇಬ್ಬರ ಹತ್ತಿರ ಗುಮ್ಮಟೆ ಥರದ ಚರ್ಮವಾದ್ಯ. ಒಂದಷ್ಟು ಹೊತ್ತು ಹಾಡು, ಒಂದಷ್ಟು ಹೊತ್ತು ಮಾತು, ನಡುವೆ ಕುಣಿತ, ತಮಾಷೆ.

ಪಕ್ಕದ ಇಬ್ಬರ ಕೆಲಸವನ್ನ ಕಡಿಮೆ ಅಂದುಕೊಳ್ಳಬೇಡಿ. ಅವರು ಪಲ್ಲವಿ ಹಿಡೀತಾರೆ, ನಡುನಡುವೆ "ಹೌದಾ?", "ಆಮೇಲೇನಾಯ್ತು?" ಅಂತ ಕೇಳ್ತಾರೆ, ಒಬ್ಬರು ನಗಿಸ್ತಾರೆ. ಕಥೆಗಾರರಿಗೆ ಉಸಿರು ತಗೊಳ್ಳೋಕೆ, ಮುಂದಿನ ಸಾಲು ನೆನಪು ಮಾಡಿಕೊಳ್ಳೋಕೆ ಆ ಹೊತ್ತು ಸಿಗುತ್ತೆ. ಈರಮ್ಮನ ಜೊತೆ ಹೆಚ್ಚಾಗಿ ಇರುತ್ತಿದ್ದವರು ತಂಗಿ ಶಿವಮ್ಮ ಮತ್ತು ನಾದಿನಿ ಪಾರ್ವತಮ್ಮ. ಅಂದರೆ ಒಂದೇ ಮನೆಯ ಮೂರು ಹೆಣ್ಣುಮಕ್ಕಳು ರಾತ್ರಿಯಿಡೀ ರಾಜರ, ಯುದ್ಧಗಳ, ಮೋಸದ, ಸಾವಿನ ಕಥೆ ಹೇಳೋದು. ಎದುರಿಗೆ ಇಡೀ ಊರು.

ಇದನ್ನ ಓದಿದಾಗ ನನಗೆ ಅಜ್ಜಿಯ "ಹ್ಞೂಂ" ಷರತ್ತು ಅರ್ಥ ಆಯ್ತು. ನಾವು ನಿದ್ದೆ ಹೋಗಿದ್ದೀವೋ ಇಲ್ಲವೋ ನೋಡೋಕೆ ಅಜ್ಜಿ ಹಾಗೆ ಮಾಡ್ತಾರೆ ಅಂದುಕೊಂಡಿದ್ದೆ. ಅಜ್ಜಿ ಅದನ್ನ ಕಲಿತಿದ್ದು ಬುರ್ರಕಥೆ ನೋಡಿ. ಒಬ್ಬರೇ ಕಥೆ ಹೇಳೋಕೆ ಆಗಲ್ಲ, ಹಿಡಿಯೋರು ಬೇಕು.

ಆಂಧ್ರದ ಗುಂಟೂರು ಸೀಮೆಯಲ್ಲಿ ಇದೇ ಕಲೆಗೆ ಇನ್ನೊಂದು ದೊಡ್ಡ ಹೆಸರಿದೆ, ಷೇಕ್ ನಾಜರ್. 1920ರಲ್ಲಿ ಪೊನ್ನೆಕಲ್ಲು ಅನ್ನುವ ಹಳ್ಳಿಯ ಬಡ ಮನೆಯಲ್ಲಿ ಹುಟ್ಟಿದವರು. 1940ರ ದಶಕದಲ್ಲಿ ಪ್ರಜಾನಾಟ್ಯ ಮಂಡಳಿ ಸೇರಿ, ಪಲ್ನಾಡಿನ ಯುದ್ಧದ ಜೊತೆಗೆ ಬಂಗಾಳದ ಕ್ಷಾಮವನ್ನೂ ಬುರ್ರಕಥೆ ಮಾಡಿ ಸಾವಿರಾರು ಜನರ ಮುಂದೆ ಹೇಳಿದರು. 1986ರಲ್ಲಿ ಪದ್ಮಶ್ರೀ ಬಂತು. ಅಲ್ಲಿ ಈ ಕಲೆಗೆ ವೇದಿಕೆ, ಚಳವಳಿ, ಆಮೇಲೆ ರೇಡಿಯೊ ಸಿಕ್ಕವು. ಗಡಿಯ ಈಚೆ ಈರಮ್ಮನಂಥ ಹೆಣ್ಣುಮಕ್ಕಳ ಮಟ್ಟಿಗೆ ಬಹಳ ಕಾಲ ಊರ ಕಟ್ಟೆಯೇ ವೇದಿಕೆ.

ಏಳು ಸಾವಿರ ಪುಟದ ಲೆಕ್ಕ

ಈರಮ್ಮನ ಬಗ್ಗೆ ಎಲ್ಲಿ ಓದಿದರೂ ಒಂದು ಲೆಕ್ಕ ಸಿಗುತ್ತೆ: 12 ಕಾವ್ಯಗಳು, 2 ಲಕ್ಷ ಪದಗಳು, ಅಚ್ಚು ಹಾಕಿದರೆ 7,000 ಪುಟ. ಎಂಜಿನಿಯರ್ ಬುದ್ಧಿ, ಭಾಗಿಸಿ ನೋಡಿದೆ. ಪುಟಕ್ಕೆ ಬರೀ 28, 29 ಪದ ಬರುತ್ತೆ. ಇದೇನು, ಪುಟ ಅರ್ಧ ಖಾಲೀನಾ ಅಂದುಕೊಂಡೆ. ಆಮೇಲೆ ಹೊಳೀತು. ನಮ್ಮ ಕಡೆ ಹಳ್ಳಿಯಲ್ಲಿ "ಒಂದು ಪದ ಹೇಳು" ಅಂದರೆ ಒಂದು ಶಬ್ದ ಹೇಳು ಅಂತಲ್ಲ, ಹಾಡು ಹೇಳು ಅಂತ. ಹಾಡಿನ ಸಾಲುಗಳು ಅಂತ ತಗೊಂಡರೆ ಪುಟಕ್ಕೆ 28 ಸಾಲು ಸರಿಯಾಗಿ ಕೂರುತ್ತೆ. ಎಲ್ಲೋ ಒಂದು ಕಡೆ ಪದ ಅನ್ನೋ ಮಾತು ಇಂಗ್ಲಿಷಿಗೆ ಹೋಗಿ ಶಬ್ದ ಆಗಿ ವಾಪಸ್ ಬಂದಿರಬೇಕು ಅಂತ ನನ್ನ ಊಹೆ. ಎರಡು ಲಕ್ಷ ಸಾಲು! ನಮ್ಮ ಟೀಮಿನ ಇಡೀ ಪ್ರಾಜೆಕ್ಟಿನ ಕೋಡ್ ಅಷ್ಟು ಇಲ್ಲ. ನಮ್ಮ ಕೋಡನ್ನ ಎಂಟು ಜನ ಸೇರಿ ನೋಡಿಕೊಳ್ತೀವಿ, ಆದರೂ ವಾರಕ್ಕೊಮ್ಮೆ "ಇದನ್ನ ಬರೆದಿದ್ದು ಯಾರು, ಯಾಕೆ?" ಅಂತ ತಲೆ ಕೆರೆದುಕೊಳ್ತೀವಿ.

ಇಷ್ಟನ್ನ ನೆನಪಿಟ್ಟುಕೊಳ್ಳೋದು ಹೇಗೆ ಸಾಧ್ಯ? ಈ ಪ್ರಶ್ನೆಯನ್ನ ಮಿಲ್ಮನ್ ಪ್ಯಾರಿ ಅನ್ನುವ ಅಮೆರಿಕದ ವಿದ್ವಾಂಸರು 1930ರ ದಶಕದಲ್ಲೇ ಬೆನ್ನು ಹತ್ತಿದ್ದರು. ಹೋಮರನ ಕಾವ್ಯ ಹೇಗೆ ಹುಟ್ಟಿರಬಹುದು ಅಂತ ತಿಳಿಯೋಕೆ ಅವರು ಯುಗೊಸ್ಲಾವಿಯಾದ ಹಳ್ಳಿಗಳಿಗೆ ಹೋಗಿ, ಹಾಡುವ ಕಥೆಗಾರರನ್ನ ಅಲ್ಯೂಮಿನಿಯಂ ತಟ್ಟೆಗಳ ಮೇಲೆ ರೆಕಾರ್ಡ್ ಮಾಡಿಕೊಂಡರು. ಅಲ್ಲಿ ಸಿಕ್ಕ ಅವ್ದೊ ಮೆಜೆದೊವಿಚ್ ಒಬ್ಬ ಕಟುಕ, ಓದು ಬರಹ ಬಾರದವನು. 1935ರಲ್ಲಿ ಅವನು ಬಾಯಿಂದ ಹೇಳಿ ಬರೆಸಿದ ಒಂದು ಕಾವ್ಯವೇ 12,000 ಸಾಲು ದಾಟಿತು. ಪ್ಯಾರಿ ಬೇಗ ತೀರಿಕೊಂಡರು. ಶಿಷ್ಯ ಆಲ್ಬರ್ಟ್ ಲಾರ್ಡ್ 1960ರಲ್ಲಿ ಆ ಕೆಲಸವನ್ನ ಪುಸ್ತಕ ಮಾಡಿದರು.

ಅವರು ಕಂಡುಕೊಂಡಿದ್ದು ಇಷ್ಟು: ಇಂಥ ಕಥೆಗಾರರು ಗಿಳಿಪಾಠ ಒಪ್ಪಿಸೋದಿಲ್ಲ. ಅವರ ಹತ್ತಿರ ಸಿದ್ಧ ನುಡಿಗಟ್ಟುಗಳು ಇರುತ್ತವೆ: ಕುದುರೆ ಏರುವುದಕ್ಕೆ ಒಂದು, ಸೂರ್ಯ ಮುಳುಗುವುದಕ್ಕೆ ಒಂದು, ತಾಯಿ ಅಳುವುದಕ್ಕೆ ಒಂದು. ಕಥೆಯ ದಾರಿ ಗೊತ್ತಿರುತ್ತೆ. ಎದುರಿಗೆ ಕೂತ ಜನರನ್ನ ನೋಡಿ, ಆ ರಾತ್ರಿಗೆ ತಕ್ಕ ಹಾಗೆ ಅವುಗಳನ್ನ ಕಟ್ಟುತ್ತಾ ಹೋಗ್ತಾರೆ. ಒಂದೇ ಕಥೆ ಒಂದೂರಲ್ಲಿ ಎರಡು ಗಂಟೆ, ಇನ್ನೊಂದೂರಲ್ಲಿ ಇಡೀ ರಾತ್ರಿ. ಅಂದರೆ ಪ್ರತಿ ಸಲವೂ ಹೊಸದಾಗಿ ರಚನೆ ಮಾಡೋದು. ಹನ್ನೆರಡು ವರ್ಷದ ಈರಮ್ಮ ಅಪ್ಪನಿಂದ ಕಲಿತಿದ್ದು ಇಂಥದ್ದೇ ವಿದ್ಯೆ. ಕಾವ್ಯವನ್ನಷ್ಟೇ ಅಲ್ಲ, ಕಾವ್ಯ ಕಟ್ಟುವುದನ್ನ.

ಕುಮಾರರಾಮ ನಮ್ಮೂರಿನವನು

ಈರಮ್ಮ ಹೇಳುತ್ತಿದ್ದ ಕಥೆಗಳಲ್ಲಿ ಬಬ್ಬುಲಿ ನಾಗಿರೆಡ್ಡಿ, ಕುಮಾರರಾಮ ಹೆಸರಾದವು. ಕುಮಾರರಾಮನ ಕಥೆ ನಮ್ಮ ಸೀಮೆಯದ್ದೇ. ಕಂಪಿಲರಾಯನ ಮಗ, 14ನೇ ಶತಮಾನದ ವೀರ. ಈಗಿನ ಕಂಪ್ಲಿ, ಗಂಗಾವತಿ ಹತ್ತಿರದ ಕುಮ್ಮಟದುರ್ಗ, ಸಂಡೂರಿನ ಬೆಟ್ಟಗಳು, ಎಲ್ಲ ಅವನ ನಾಡು. ವಿಜಯನಗರ ಹುಟ್ಟುವ ಮೊದಲೇ ದೆಹಲಿಯ ಸೈನ್ಯದ ಎದುರು ಹೋರಾಡಿ ಸತ್ತವನು.

ಕಥೆಯಲ್ಲಿ ಯುದ್ಧಕ್ಕಿಂತ ದೊಡ್ಡ ಪೆಟ್ಟು ಮನೆಯೊಳಗಿನದು. ಚೆಂಡಾಟ ಆಡುವಾಗ ಚೆಂಡು ಚಿಕ್ಕಮ್ಮ ರತ್ನಾಜಿಯ ಅರಮನೆಗೆ ಬೀಳುತ್ತೆ. ತರೋಕೆ ಹೋದ ರಾಮನ ಮೇಲೆ ಅವಳಿಗೆ ಆಸೆ ಹುಟ್ಟುತ್ತೆ. ಅವನು ತಾಯಿ ಅಂತ ಕೈಮುಗಿದು ದೂರ ಸರಿದಾಗ, ಅವಳು ಗಂಡನ ಹತ್ತಿರ ಹೋಗಿ ತಿರುಗಿಸಿ ಹೇಳ್ತಾಳೆ. ಅಪ್ಪ ಮಗನ ತಲೆ ತೆಗೆಯೋಕೆ ಅಪ್ಪಣೆ ಕೊಡ್ತಾನೆ. ಮಂತ್ರಿ ಬೈಚಪ್ಪ ಬೇರೊಂದು ತಲೆ ತೋರಿಸಿ, ರಾಮನನ್ನ ನೆಲಮಾಳಿಗೆಯಲ್ಲಿ ಬಚ್ಚಿಡ್ತಾನೆ. ಶತ್ರು ಮತ್ತೆ ಬಂದಾಗ, ಸತ್ತುಹೋದ ಅಂದುಕೊಂಡಿದ್ದ ಮಗ ಎದ್ದು ಬಂದು ಅಪ್ಪನ ರಾಜ್ಯಕ್ಕಾಗಿ ಕತ್ತಿ ಹಿಡೀತಾನೆ.

ಚಿಕ್ಕಂದಿನಲ್ಲಿ ನಮಗೆ ಈ ಕಥೆ ಹೇಳುವಾಗ ಅಜ್ಜಿ ರತ್ನಾಜಿಯ ಭಾಗವನ್ನ ಜಾಣತನದಿಂದ ದಾಟಿಸಿಬಿಡ್ತಿದ್ದರು. "ಏನೋ ಸುಳ್ಳು ಹೇಳಿದ್ಲು" ಅಂತ ಅಷ್ಟೇ. ಕೇಳೋರನ್ನ ನೋಡಿ ಕಥೆ ಕಟ್ಟೋದು ಅಂದರೆ ಇದೇ ಅಲ್ಲವಾ?

ಮೇಲಿಂದ ಹುಯ್ದ ನೀರು

1999ರಲ್ಲಿ ಈರಮ್ಮನಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು. 2003ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ಓಜ ಅಂದರೆ ಉಪಾಧ್ಯಾಯ, ನಾಡೋಜ ಅಂದರೆ ನಾಡಿಗೇ ಗುರು. ಆದಿಕವಿ ಪಂಪನ ಹೆಸರಿನ ಜೊತೆ ಸೇರಿಕೊಂಡ ಮಾತು ಅದು. ಶಾಲೆಯ ಹೊಸ್ತಿಲು ತುಳಿಯದ ಹೆಣ್ಣುಮಗಳಿಗೆ ವಿಶ್ವವಿದ್ಯಾಲಯವೊಂದು ನೀವು ನಾಡಿಗೆ ಗುರು ಅಂತ ಹೇಳಿತು. ಅವರ ಬಾಯಲ್ಲಿದ್ದ ಕಾವ್ಯಗಳು ಪುಸ್ತಕಗಳಾಗಿಯೂ ಬಂದವು. ತಾವು ಹೇಳಿದ್ದನ್ನ ತಾವೇ ಓದೋಕೆ ಆಗದ ಪುಸ್ತಕಗಳು.

ವಯಸ್ಸಿನ ಲೆಕ್ಕ ನೋಡಿ. ಹನ್ನೆರಡಕ್ಕೆ ಕಲಿಯೋಕೆ ಶುರು, ರಾಜ್ಯೋತ್ಸವ ಪ್ರಶಸ್ತಿ ಬಂದಾಗ ಹೆಚ್ಚು ಕಡಿಮೆ ಎಪ್ಪತ್ತು. ನಾವು ಕೆಲಸಕ್ಕೆ ಸೇರಿ ಎರಡು ವರ್ಷಕ್ಕೆ ಪ್ರಮೋಷನ್ ಬರಲಿಲ್ಲ ಅಂತ ರೆಸ್ಯುಮೆ ತಿದ್ದೋಕೆ ಕೂರ್ತೀವಿ.

ಪ್ರಶಸ್ತಿ ಬರೋದಕ್ಕಿಂತ ಮುಂಚಿನ ಆ ಕಾಲ ಹೇಗಿತ್ತು ಅಂತ ನಾನು ಅಜ್ಜಿಯನ್ನೇ ಕೇಳಿದೆ. ನಮ್ಮಜ್ಜಿ ಈರಮ್ಮನನ್ನ ಕಂಡವರಲ್ಲ. ಅವರು ನೋಡಿದ್ದು ನಮ್ಮೂರಿಗೆ ಬರುತ್ತಿದ್ದ ಬೇರೆ ಕಥೆಗಾರರನ್ನ. ಆದರೆ ಬದುಕು ಒಂದೇ ಥರದ್ದು.

"ಅವರು ಬಂದ್ರಂದ್ರ ಊರಾಗ ಹಬ್ಬ ಇದ್ದಂಗಬೇ," ಅಂದರು ಅಜ್ಜಿ. "ಉಣ್ಣೋದು ಲಗೂನ ಮುಗಿಸಿ, ಚಾಪಿ ತಗೊಂಡು ಕಟ್ಟಿ ಮುಂದ ಹೋಗಿ ಜಾಗ ಹಿಡೀತಿದ್ವಿ. ಕಥಿ ಕೇಳಿ ಅಳ್ತಿದ್ವಿ." ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬೆಳಗಾದ್ರ ಅದೇ ಹೆಂಗಸು ಬಾಗ್ಲಾಗ ಬಂದು ನಿಂತ್ರ, ನೀರು ಮ್ಯಾಲಿಂದ ಹುಯ್ತಿದ್ವಿ. ಒಳಗ ಬಾ ಅಂದಿಲ್ಲ ಒಂದಿನ. ತಪ್ಪಲ್ಲೇನಬೇ ಅದು?"

ನನಗೆ ಏನು ಹೇಳಬೇಕೋ ತೋಚಲಿಲ್ಲ. ಯಾಕಂದರೆ ನಾನೂ ಅಂಥದ್ದೇ ಮಾಡಿದ್ದೆ. ಹೈಸ್ಕೂಲಿನಲ್ಲಿದ್ದಾಗ ಒಂದು ಬೆಳಗ್ಗೆ ತಂಬೂರಿ ಹಿಡಿದ ಒಬ್ಬ ಹೆಂಗಸು, ಜೊತೆಗೆ ನನ್ನ ವಯಸ್ಸಿನ ಒಂದು ಹುಡುಗಿ ಬಾಗಿಲಿಗೆ ಬಂದಿದ್ದರು. ಅಮ್ಮ ಒಳಗಿದ್ದರು. ಮುಂದಿನ ಮನೆಗೆ ಹೋಗಿ ಅಂತ ನಾನೇ ಹೇಳಿ ಬಾಗಿಲು ಹಾಕಿಕೊಂಡೆ. ಅವತ್ತು ನನಗೆ ಕಂಡಿದ್ದು ಭಿಕ್ಷೆ. ಆ ಹುಡುಗಿ ಅಮ್ಮನಿಂದ ಏನೇನು ಕಲೀತಿದ್ದಳು, ಎಷ್ಟು ಸಾವಿರ ಸಾಲು ಅವಳ ತಲೆಯಲ್ಲಿತ್ತು, ಕೇಳಲಿಲ್ಲ. ಈರಮ್ಮನ ಫೋಟೊ ನೋಡಿದಾಗಲೆಲ್ಲ ನನಗೆ ನೆನಪಾಗೋದು ಆ ಹುಡುಗಿ.

ಸಂಗೀತ ಕಛೇರಿಗೆ ನಾವು ಟಿಕೆಟ್ ತಗೊಂಡು ಹೋಗ್ತೀವಿ, ಸ್ಟ್ಯಾಂಡಪ್ ಕಾಮಿಡಿಗೆ ಐನೂರು ಸಾವಿರ ಕೊಡ್ತೀವಿ, ಪಾಡ್‌ಕಾಸ್ಟಿಗೆ ಚಂದಾ ಕಟ್ಟುತ್ತೀವಿ. ಅದೇ ಕೆಲಸವನ್ನ ಬಾಗಿಲ ಮುಂದೆ ನಿಂತು ಮಾಡಿದರೆ ಚಿಲ್ಲರೆ ಹುಡುಕ್ತೀವಿ.

ನಾನು ಕಳಕೊಂಡ ನಲವತ್ತು ನಿಮಿಷ

ಇನ್ನೊಂದು ತಪ್ಪೂ ಹೇಳಿಬಿಡ್ತೀನಿ. ಆರು ವರ್ಷದ ಹಿಂದೆ ಊರಿಗೆ ಹೋದಾಗ ಅಜ್ಜಿಯ ಕುಮಾರರಾಮನ ಕಥೆಯನ್ನ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ನಲವತ್ತು ನಿಮಿಷ. ಪೂರ್ತಿ ಕಥೆ, ರತ್ನಾಜಿಯೂ ಸೇರಿ. ಆಮೇಲೆ ಫೋನು ಬದಲಾಯಿಸಿದೆ. ಫೋಟೊಗಳೆಲ್ಲ ಹೊಸ ಫೋನಿಗೆ ಬಂದವು, ಆ ಆಡಿಯೊ ಫೈಲ್ ಬರಲಿಲ್ಲ. ಹಳೇ ಫೋನನ್ನ ಎಲ್ಲ ಅಳಿಸಿ ಎಕ್ಸ್‌ಚೇಂಜಿಗೆ ಕೊಟ್ಟಾಗಿತ್ತು. ನಾನು ಆಫೀಸಿನಲ್ಲಿ ಮಾಡುವ ಕೆಲಸ ಏನು ಗೊತ್ತಾ? ಬೇರೆಯವರ ಡೇಟಾ ಕಳೆದುಹೋಗದ ಹಾಗೆ ಬ್ಯಾಕಪ್ ನೋಡಿಕೊಳ್ಳೋದು.

ಈಗ ಅಜ್ಜಿಗೆ ಎಂಬತ್ತರ ಮೇಲಾಗಿದೆ. ನೆನಪು ಬಂದು ಹೋಗಿ ಮಾಡುತ್ತೆ. ಮಗಳ ಆ ನರಿಮರಿ ಪ್ರಶ್ನೆ ಕೇಳಿದ ವಾರವೇ ರಜೆ ಹಾಕಿ ಅವಳನ್ನ ಕರಕೊಂಡು ಊರಿಗೆ ಹೋದೆ. ರಾತ್ರಿ ಊಟ ಆದ ಮೇಲೆ ಅಂಗಳದಲ್ಲಿ ಕೂತೆವು. ಮಾಳಿಗೆ ಹತ್ತೋಕೆ ಅಜ್ಜಿಗೆ ಈಗ ಆಗಲ್ಲ.

ಚೆಂಡು ಅರಮನೆಗೆ ಬೀಳುವ ತನಕ ಸರಾಗವಾಗಿ ಹೇಳಿದರು. ಅಪ್ಪಣೆ ಆಯ್ತು, ಮಂತ್ರಿ ಬಂದ. ಅಲ್ಲಿಗೆ ನಿಂತರು. ಬೆರಳು ಸೀರೆಯ ಸೆರಗನ್ನ ಮಡಚುತ್ತಾ ಬಿಚ್ಚುತ್ತಾ ಇತ್ತು. "ಮುಂದ ಏನೋ ಐತಬೇ... ಬರವಲ್ದು."

ನನಗೆ ಮುಂದಿನದು ಗೊತ್ತಿತ್ತು. ಹೇಳಿಬಿಡೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಮಗಳು ಕೇಳಿದಳು, "ಅಜ್ಜೀ, ಆ ಮಂತ್ರಿ ಒಳ್ಳೆಯವನಾ?"

ಅಜ್ಜಿ ಅವಳ ಮುಖ ನೋಡಿದರು. "ಒಳ್ಳೆಯವ್ನ ಅದಾನ," ಅಂದರು. "ಒಳ್ಳೆಯವ್ನು ಅಂದಮ್ಯಾಲ ಹುಡುಗುನ್ನ ಕೊಲ್ತಾನೇನು? ಬಚ್ಚಿಟ್ಟ. ಎಲ್ಲಿ ಬಚ್ಚಿಟ್ಟ? ಜೋಳದ ಹಗೇವಿನಾಗ ಬಚ್ಚಿಟ್ಟ!"

ಹಗೇವು ಅಂದರೆ ನಮ್ಮ ಕಡೆ ನೆಲದೊಳಗೆ ಜೋಳ ತುಂಬಿಡುವ ಗುಂಡಿ. ನಾನು ಕೇಳಿ ಬೆಳೆದ ಕಥೆಯಲ್ಲಿ ಹಗೇವು ಇರಲಿಲ್ಲ, ಅರಮನೆಯ ನೆಲಮಾಳಿಗೆ ಇತ್ತು. ತಿದ್ದಬೇಕು ಅನಿಸಿತು. ತಿದ್ದಲಿಲ್ಲ. ಹಗೇವು ಅಂದರೇನು ಅಂತ ಮಗಳು ಕೇಳಿದಳು, ಅದರೊಳಗೆ ಕತ್ತಲಾ, ಉಸಿರು ಕಟ್ಟಲ್ವಾ ಅಂದಳು. ಅಜ್ಜಿ ಒಂದೊಂದಕ್ಕೂ ಉತ್ತರ ಕೊಡುತ್ತಾ ಹೋದರು. ಕೊನೆಗೆ ರಾಮ ಮೈತುಂಬ ಜೋಳದ ಧೂಳು ಮೆತ್ತಿಕೊಂಡು ಎದ್ದುಬಂದ. ಯುದ್ಧದ ಹೊತ್ತಿಗೆ ಮಗಳು ಅಜ್ಜಿಯ ತೊಡೆ ಮೇಲೆ ನಿದ್ದೆ ಹೋಗಿದ್ದಳು. ಅಜ್ಜಿ ಕಥೆ ನಿಲ್ಲಿಸಿ ನನ್ನ ಕಡೆ ನೋಡಿದರು. ನಾನು "ಹ್ಞೂಂ" ಅಂದೆ. ಮುಂದುವರಿಸಿದರು.

ಈ ಸಲ ರೆಕಾರ್ಡ್ ಆಗಿದ್ದು ಒಂದು ಗಂಟೆ ಹತ್ತು ನಿಮಿಷ. ಮೂರು ಕಡೆ ಇಟ್ಟಿದ್ದೀನಿ.

ನಿಮ್ಮ ಮನೆಯಲ್ಲೂ ಇರಬಹುದು

ಈರಮ್ಮನಂಥವರು ಹುಟ್ಟೋದು ಹೇಗೆ ಅಂತ ಯೋಚಿಸಿದರೆ ನನಗೆ ಸಿಗುವ ಉತ್ತರ ಸರಳ. ಹೇಳಿಕೊಡುವ ಒಬ್ಬ ಅಪ್ಪ ಇದ್ದರು, ದನಿ ಸೇರಿಸುವ ತಂಗಿ, ನಾದಿನಿ ಇದ್ದರು, ಎದ್ದು ಹೋಗದೆ ಕೂತ ಊರು ಇತ್ತು. ಅಪ್ಪಂದಿರು, ತಂಗಿಯರು ಈಗಲೂ ಇದ್ದಾರೆ. ಕಡಿಮೆ ಆಗಿರೋದು ಕೂತು ಕೇಳುವ ಊರು. ಅದು ನಮ್ಮ ಕೈಯಲ್ಲಿರುವ ಕೆಲಸ. ನಾನು ತಪ್ಪು ಮಾಡಿ ಕಲಿತ ಕೆಲವನ್ನ ಹೇಳ್ತೀನಿ.

ಮನೆಯ ಹಿರಿಯರ ಕಥೆ, ಹಾಡು ರೆಕಾರ್ಡ್ ಮಾಡಿ. ಮೊದಲು ಅವರನ್ನ ಕೇಳಿ, ಒಪ್ಪಿದರೆ ಮಾತ್ರ. ಶುರುವಿನಲ್ಲೇ ಅವರ ಹೆಸರು, ಊರು, ದಿನಾಂಕ, ಈ ಕಥೆಯನ್ನ ಯಾರಿಂದ ಕೇಳಿದ್ದು ಅನ್ನೋದನ್ನ ಬಾಯಲ್ಲೇ ಹೇಳಿಸಿ. ಫೈಲಿನ ಹೆಸರು ಕಳೆದುಹೋದರೂ ದನಿಯಲ್ಲಿ ಉಳಿಯುತ್ತೆ.

ಫ್ಯಾನ್ ಆಫ್ ಮಾಡಿ, ಫೋನು ಅವರ ಹತ್ತಿರ ಇಡಿ, ಏರೋಪ್ಲೇನ್ ಮೋಡ್ ಹಾಕಿ. ನಡುವೆ ತಿದ್ದಬೇಡಿ. ಒಂದು ಮಗು ಪಕ್ಕದಲ್ಲಿದ್ದರೆ ಇನ್ನೂ ಒಳ್ಳೇದು, ನಾವು ಕೇಳದ ಪ್ರಶ್ನೆಯನ್ನ ಮಕ್ಕಳು ಕೇಳ್ತಾರೆ. ಮುಗಿದ ಅದೇ ರಾತ್ರಿ ಎರಡು ಮೂರು ಕಡೆ ಕಾಪಿ ಮಾಡಿ. ನಾಳೆ ಮಾಡೋಣ ಅನ್ನಬೇಡಿ.

ನಿಮ್ಮೂರಿನ ಜಾತ್ರೆ, ಗಣೇಶೋತ್ಸವ, ಆಫೀಸಿನ ರಾಜ್ಯೋತ್ಸವದಲ್ಲಿ ಕಾರ್ಯಕ್ರಮ ಮಾಡುವಾಗ ಡಿಜೆಗೆ ಕೊಡುವ ದುಡ್ಡಿನಲ್ಲಿ ಸ್ವಲ್ಪ ತೆಗೆದಿಟ್ಟು ಒಂದು ಬುರ್ರಕಥೆ ತಂಡವನ್ನೋ, ತೊಗಲುಗೊಂಬೆಯವರನ್ನೋ ಕರೆಸಿ. ಹತ್ತು ನಿಮಿಷದ ಸ್ಯಾಂಪಲ್ ಸಾಲದು, ಒಂದು ಕಥೆ ಪೂರ್ತಿ ಹೇಳೋಕೆ ಬಿಡಿ. ಸಂಭಾವನೆ ಮೊದಲೇ ಮಾತಾಡಿ, ಅವತ್ತೇ ಕೈಗೆ ಕೊಡಿ. ಕೂರೋಕೆ ಕುರ್ಚಿ, ನಿಮ್ಮ ಪಂಕ್ತಿಯಲ್ಲೇ ಊಟ.

ಊರಿಂದ ಹೊರಡುವ ದಿನ ಬೆಳಗ್ಗೆ ಬ್ಯಾಗ್ ಕಟ್ಟುತ್ತಿದ್ದೆ. ಮಗಳು ಅಂಗಳದಲ್ಲಿ ಪಕ್ಕದ ಮನೆಯ ಇಬ್ಬರು ಮಕ್ಕಳನ್ನ ಕೂರಿಸಿಕೊಂಡು ಏನೋ ಜೋರಾಗಿ ಹೇಳುತ್ತಿದ್ದಳು. ಕಿವಿಗೊಟ್ಟೆ. ಒಬ್ಬ ರಾಜಕುಮಾರ, ಒಂದು ಚೆಂಡು, ಜೋಳದ ಹಗೇವು. ಅದರೊಳಗೆ ಅವನಿಗೆ ಒಂದು ನರಿಮರಿಯ ಅಮ್ಮ ಸಿಕ್ಕಿತ್ತು. ಮಕ್ಕಳಿಬ್ಬರೂ ಸುಮ್ಮನೆ ಕೇಳುತ್ತಿದ್ದರು.

ಅವಳು ಸಿಟ್ಟಿನಿಂದ ನಿಲ್ಲಿಸಿದಳು. "ಹ್ಞೂಂ ಅನ್ರೋ!"